ಏಳು ಎಂದು ಕೂಗಿದ ದಿನ

ಅವಳ ಜೆರ್ಸಿಯ ಮೇಲಿದ್ದ ಸಂಖ್ಯೆ ಏಳು. ಅವಳು ಬಿದ್ದಾಗ ಅಂಕಣದ ಸುತ್ತ ನಿಂತಿದ್ದವರೆಲ್ಲ "ಏಳು, ಏಳು" ಎಂದು ಕೂಗಿದರು. ಆಟಗಾರ್ತಿಯ ಸಂಖ್ಯೆಯನ್ನು ಕೂಗಿದರೋ, ಮೇಲೇಳು ಎಂದರೋ, ಎರಡೂ ಸೇರಿಹೋಗಿತ್ತು. ನಾನೂ ಕೂಗಿದೆ. ಅವಳು ಎದ್ದಳು.

ಕಳೆದ ವರ್ಷ ಆಗಸ್ಟ್ ತಿಂಗಳ ಕೊನೆಯ ವಾರ, ಪ್ರೌಢಶಾಲೆಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟ. ನಾನು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳಿಗೆ ಪಿ.ಟಿ. ಸಾರ್. ಇಪ್ಪತ್ತೊಂದು ವರ್ಷಗಳಿಂದ ಇದೇ ಕೆಲಸ. ಅಂದು ಬಾಲಕಿಯರ ಕಬಡ್ಡಿ ಫೈನಲ್. ನಮ್ಮ ಶಾಲೆ ಫೈನಲ್‌ಗೆ ಬಂದದ್ದು ಆರು ವರ್ಷಗಳ ನಂತರ. ಬಂದದ್ದಕ್ಕೆ ಕಾರಣ ಒಂಬತ್ತನೆಯ ತರಗತಿಯ, ಹದಿನಾಲ್ಕು ವರ್ಷದ ಈ ಹುಡುಗಿ. ರೈಡಿಗೆ ಹೋದರೆ ಬರಿಗೈಯಲ್ಲಿ ಬರುವವಳಲ್ಲ.

ಮೊದಲಾರ್ಧ ಮುಗಿಯಲು ಇನ್ನು ಮೂರು ನಾಲ್ಕು ನಿಮಿಷ. ಅವಳು ಬೋನಸ್ ಗೆರೆಗೆ ಕಾಲು ಹಾಕಿದಳು. ಎಡಗಡೆಯ ಕಾರ್ನರ್ ಹುಡುಗಿ ಪಾದದ ಗಂಟನ್ನು ಹಿಡಿದಳು. ಕವರ್‌ನಲ್ಲಿದ್ದವಳು ಪಕ್ಕದಿಂದ ಡ್ಯಾಶ್ ಹೊಡೆದಳು. ಮೂವರೂ ಒಟ್ಟಿಗೆ ಬಿದ್ದರು. ಬೀಳುವಾಗ ಒಬ್ಬಳ ಮೊಣಕಾಲು ನಮ್ಮವಳ ಕಿವಿಯ ಮೇಲ್ಭಾಗಕ್ಕೆ ತಗುಲಿತು, ಆಮೇಲೆ ಹಿಂದಲೆ ನೆಲಕ್ಕೆ ಬಡಿಯಿತು. ಎರಡು ದಿನದ ಆಟಕ್ಕೆ ಮಣ್ಣಿನ ಅಂಕಣ ಗಟ್ಟಿಯಾಗಿತ್ತು. ಆ ಸದ್ದು ನನಗೆ ಕೇಳಿಸಿತು. ಕೇಳಿಸಿಯೂ ನಾನು ಮಾಡಿದ್ದು ಇಷ್ಟೇ: ಮುಖಕ್ಕೆ ನೀರು ಚಿಮುಕಿಸಿದೆ, ಮೂರು ಬೆರಳು ತೋರಿಸಿ ಎಷ್ಟು ಎಂದು ಕೇಳಿದೆ. "ಮೂರು ಸಾರ್" ಎಂದಳು. ರಕ್ತ ಬಂದಿರಲಿಲ್ಲ, ಎಚ್ಚರ ತಪ್ಪಿರಲಿಲ್ಲ. ಬೆನ್ನು ತಟ್ಟಿ "ಹೋಗು" ಎಂದೆ.

ವಿರಾಮದಲ್ಲಿ ಉಳಿದ ಹುಡುಗಿಯರು ನಿಂಬೆಹಣ್ಣಿನ ಹೋಳು ಚೀಪುತ್ತ ಒಬ್ಬರ ಮೇಲೊಬ್ಬರು ಮಾತನಾಡುತ್ತಿದ್ದರು. ಇವಳು ಕೈಯಲ್ಲಿ ಹೋಳು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದಳು. ಆಟದ ಗಮನದಲ್ಲಿದ್ದಾಳೆ ಎಂದುಕೊಂಡೆ. ಎರಡನೆಯ ಅರ್ಧಕ್ಕೆ ತಂಡಗಳು ಅಂಕಣದ ಭಾಗ ಬದಲಾಯಿಸಿಕೊಳ್ಳುತ್ತವೆ. ಇವಳು ಹಳೆಯ ಭಾಗಕ್ಕೇ ಹೋಗಿ ಎದುರಾಳಿಗಳ ನಡುವೆ ನಿಂತಳು. ಜನ ನಕ್ಕರು, ಗೆಳತಿಯೊಬ್ಬಳು ಕೈಹಿಡಿದು ಈಚೆ ಎಳೆದುಕೊಂಡಳು. ಭಾಗ ಬದಲಾದಾಗ ಯಾರಿಗಾದರೂ ಹೀಗಾಗಬಹುದು ಎಂದು ಅದನ್ನೂ ಬಿಟ್ಟೆ.

ಆಮೇಲೆ ಅವಳು ರೈಡಿಗೆ ಹೊರಟಳು. ಮಧ್ಯದ ಗೆರೆ ದಾಟಿದಳು, ಬಾಗಿದಳು, ಕೈ ಚಾಚಿದಳು. ಆದರೆ ಬಾಯಿಂದ ಕಬಡ್ಡಿ ಎಂಬ ಮಾತು ಬರಲಿಲ್ಲ. ಐದನೆಯ ತರಗತಿಯಿಂದ ಈ ಆಟ ಆಡಿದ ಹುಡುಗಿ ಅವಳು. ಕಬಡ್ಡಿ ಕಬಡ್ಡಿ ಎಂಬುದು ಅವಳ ಉಸಿರಿನ ಜೊತೆಗೆ ತಾನಾಗಿ ಹೊರಡುತ್ತಿದ್ದ ಮಾತು. ತೀರ್ಪುಗಾರರು ಸೀಟಿ ಊದಿ ಹಿಂದಕ್ಕೆ ಕಳುಹಿಸಿದರು. ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ತಪ್ಪು ಮಾಡಿದವರ ಮುಖ ಅದಾಗಿರಲಿಲ್ಲ, ತಾನೆಲ್ಲಿದ್ದೇನೆ ಎಂದು ಹುಡುಕುತ್ತಿರುವವರ ಮುಖವಾಗಿತ್ತು.

ಹೊರಗೆ ಕರೆದು ಕೂರಿಸಿಕೊಂಡೆ. ಅವಳು ಕೇಳಿದಳು: "ಸಾರ್, ನಮ್ಮ ಮ್ಯಾಚ್ ಎಷ್ಟು ಗಂಟೆಗೆ?"

ನನ್ನ ಕೈಕಾಲು ತಣ್ಣಗಾದವು.

ಅಲ್ಲಿ ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಇದ್ದವರು "ರಕ್ತವೇ ಬಂದಿಲ್ಲವಲ್ಲ, ಹೊಟ್ಟೆಗೆ ಸರಿಯಾಗಿ ತಿಂದಿಲ್ಲ, ಗ್ಲೂಕೋಸ್ ಕುಡಿಸಿ ಮಲಗಿಸಿ" ಎಂದರು. ಅವರನ್ನು ದೂರುವ ಹಕ್ಕು ನನಗಿಲ್ಲ. ಇಪ್ಪತ್ತು ನಿಮಿಷದ ಹಿಂದೆ ನಾನೂ ಅದೇ ಲೆಕ್ಕ ಹಾಕಿದ್ದೆ. ಬಿ.ಪಿ.ಎಡ್. ಓದಿದವನು ನಾನು. ಕಾಲು ಉಳುಕಿದರೆ ಏನು ಮಾಡಬೇಕು, ಭುಜದ ಕೀಲು ತಪ್ಪಿದರೆ ಹೇಗೆ ಕಟ್ಟಬೇಕು ಎಂಬುದು ಕೈಗೆ ರೂಢಿಯಾಗಿತ್ತು. ತಲೆಯ ವಿಷಯದಲ್ಲಿ ಮಾತ್ರ ನನ್ನ ತಿಳಿವಳಿಕೆ ಎರಡೇ ಪ್ರಶ್ನೆಗಳಲ್ಲಿ ನಿಂತಿತ್ತು: ರಕ್ತ ಬಂತೇ? ಪ್ರಜ್ಞೆ ಹೋಯಿತೇ? ಎರಡಕ್ಕೂ ಇಲ್ಲ ಎಂದಾದರೆ ಏನೂ ಆಗಿಲ್ಲ. ಆಟದಲ್ಲಿ ಕನ್ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಕೆಡುವುದು, ಆದವರ ಪೈಕಿ ಪ್ರಜ್ಞೆ ತಪ್ಪುವವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಬೆರಳು ಎಣಿಸುವುದು ಪರೀಕ್ಷೆಯೇ ಅಲ್ಲ. ಈಗ ಎಲ್ಲಿದ್ದೇವೆ, ಮೊದಲಾರ್ಧವೋ ಎರಡನೆಯದೋ, ಕೊನೆಯ ಅಂಕ ಯಾರದು, ಹಿಂದಿನ ಪಂದ್ಯ ಯಾರ ಜೊತೆ ಆಡಿದೆವು, ಅದರಲ್ಲಿ ಗೆದ್ದೆವೋ ಸೋತೆವೋ ಎಂದು ಕೇಳಬೇಕಿತ್ತು. ಇವು ಆಟದ ಬಯಲಿನಲ್ಲೇ ಕೇಳುವುದಕ್ಕೆಂದು ರೂಪಿಸಿದ ಪ್ರಶ್ನೆಗಳು. ಬೆರಳು ಎಷ್ಟು ಎನ್ನಲು ಕಣ್ಣಿದ್ದರೆ ಸಾಕು. ಕೊನೆಯ ಅಂಕ ಯಾರದು ಎನ್ನಲು ಐದು ನಿಮಿಷದ ಹಿಂದಿನದು ತಲೆಯಲ್ಲಿ ಉಳಿದಿರಬೇಕು.

ತಂಡವನ್ನು ಇನ್ನೊಂದು ಶಾಲೆಯ ಮೇಡಂ ಕೈಗೆ ಒಪ್ಪಿಸಿ ಸಹೋದ್ಯೋಗಿಯ ಕಾರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಫೋನ್ ಬಂತು, ನಮ್ಮ ತಂಡ ಮೂರು ಅಂಕಗಳಿಂದ ಗೆದ್ದಿತ್ತು. ಹೇಳಿದೆ. ನಕ್ಕಳು. ಎರಡು ನಿಮಿಷ ಬಿಟ್ಟು "ನಾವು ಗೆದ್ದೆವಾ ಸಾರ್?" ಎಂದು ಕೇಳಿದಳು. ಮತ್ತೆ ಹೇಳಿದೆ. ಮತ್ತೆ ಅದೇ ನಗು. ಆಸ್ಪತ್ರೆ ತಲುಪುವುದರೊಳಗೆ ಐದು ಸಲ ಕೇಳಿದಳು, ಐದು ಸಲವೂ ಮೊದಲ ಸಲ ಕೇಳಿದಂತೆ ಸಂತೋಷಪಟ್ಟಳು. ಆ ಸಂತೋಷವನ್ನು ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ.

ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯರು ಮೊದಲು ಕುತ್ತಿಗೆಯನ್ನು ಮುಟ್ಟಿ ನೋಡಿದರು. ನೋವಿದೆಯೇ, ಕೈಕಾಲು ಜುಮ್ಮೆನ್ನುತ್ತಿವೆಯೇ ಎಂದು ಕೇಳಿದರು. ತಲೆಗೆ ಬಿದ್ದ ಪೆಟ್ಟು ಕುತ್ತಿಗೆಯನ್ನೂ ಸುಮ್ಮನೆ ಬಿಡುವುದಿಲ್ಲವಂತೆ. ನಾನಾದರೋ ಅವಳನ್ನು ತೋಳು ಹಿಡಿದು ಎಬ್ಬಿಸಿದ್ದೆ. ಆಮೇಲೆ ಟಾರ್ಚ್ ಬಿಟ್ಟು ಎರಡೂ ಕಣ್ಣಿನ ಪಾಪೆ ಒಂದೇ ಸಮ ಇವೆಯೇ ಎಂದು ನೋಡಿದರು, ಕಿವಿ ಮೂಗಿನಿಂದ ನೀರಿನಂತಹುದೇನಾದರೂ ಸೋರುತ್ತಿದೆಯೇ ಎಂದು ನೋಡಿದರು. ಚೀಟಿಯಲ್ಲಿ ಜಿ.ಸಿ.ಎಸ್. 15 ಎಂದು ಬರೆದರು. ಅದು ಪ್ರಜ್ಞೆಯ ಮಟ್ಟ ತಿಳಿಯಲು 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ರೂಪಿಸಿದ ಅಳತೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಮೂರನ್ನೂ ಕೂಡಿಸಿದರೆ ಹೆಚ್ಚೆಂದರೆ 15. ಪೂರ್ತಿ ಅಂಕ ಬಂದಿದೆ ಎಂದು ನನ್ನ ಜೀವ ಸ್ವಲ್ಪ ಹಗುರಾಯಿತು. ವೈದ್ಯರು ತಲೆಯಾಡಿಸಿದರು. "ಎರಡು ಸಲ ವಾಂತಿ, ನೆನಪು ನಿಲ್ಲುತ್ತಿಲ್ಲ. ಒಳಗೆ ರಕ್ತಸ್ರಾವ ಇಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ತುಮಕೂರಿಗೆ ಹೋಗಿ ಸಿ.ಟಿ. ಮಾಡಿಸಿ" ಎಂದು 108ರಲ್ಲಿ ಕಳುಹಿಸಿದರು.

ಅಪ್ಪ ಅಮ್ಮ ನಮ್ಮ ಹಿಂದೆಯೇ ಬಂದರು. ತೆಂಗು ಬೆಳೆಯುವ ಮನೆಯವರು. ಸ್ಕ್ಯಾನ್ ಕೊಠಡಿಯ ಹೊರಗಿನ ಬೆಂಚಿನಲ್ಲಿ ಆ ತಾಯಿಯ ಪಕ್ಕದಲ್ಲಿ ಕುಳಿತ ನಲವತ್ತು ನಿಮಿಷ ನನ್ನ ಸೇವೆಯ ಅತ್ಯಂತ ಉದ್ದದ ಸಮಯ. ಆಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನೀವಿದ್ದಿರಲ್ಲ ಸಾರ್, ಅದೇ ಧೈರ್ಯ" ಎಂದರು.

ವರದಿ ಬಂತು. ಮೂಳೆ ಬಿರುಕು ಬಿಟ್ಟಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ಎಲ್ಲವೂ ಸಹಜ. ಅಪ್ಪ ಕೈಮುಗಿದು, "ಹಾಗಾದರೆ ಏನೂ ಆಗಿಲ್ಲ, ಮನೆಗೆ ಹೋಗೋಣ" ಎಂದರು. ಅಲ್ಲಿದ್ದ ಯುವ ವೈದ್ಯೆ "ಕೂತುಕೊಳ್ಳಿ" ಎಂದರು. ಆಕೆ ಹೇಳಿದ್ದನ್ನು ನಾನು ಈ ಒಂದು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

"ನೀವು ತಿಪಟೂರಿನ ಕಡೆಯವರಲ್ಲವೇ? ಉಂಡೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಹೇಗೆ ನೋಡುತ್ತೀರಿ?"

"ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಲೊಟಲೊಟ ಎನ್ನುತ್ತದೆ" ಎಂದರು ಅಪ್ಪ.

"ಚಿಪ್ಪು ಒಡೆದಿರುವುದಿಲ್ಲ, ಆದರೂ ಒಳಗಿನ ಉಂಡೆ ಗೋಡೆಗೆ ಬಡಿಯುತ್ತದೆ. ಇಲ್ಲಿ ಆದದ್ದೂ ಅದೇ. ಸ್ಕ್ಯಾನ್ ತೋರಿಸುವುದು ಚಿಪ್ಪು ಬಿರುಕು ಬಿಟ್ಟಿದೆಯೇ, ಒಳಗೆ ರಕ್ತ ನಿಂತಿದೆಯೇ ಎಂಬುದನ್ನು ಮಾತ್ರ. ಮಿದುಳು ಕೊಬ್ಬರಿಯಷ್ಟು ಗಟ್ಟಿಯೂ ಅಲ್ಲ, ಮೊಸರಿನಂತೆ ಮೆತ್ತಗೆ. ಪೆಟ್ಟಿಗೆ ಅದು ಅಲುಗಾಡಿ, ತಿರುಚಿ, ನರತಂತುಗಳು ಎಳೆದುಕೊಂಡಿವೆ. ಆಕಾರ ಕೆಟ್ಟಿಲ್ಲ, ಕೆಲಸ ಕೆಟ್ಟಿದೆ. ಇದಕ್ಕೆ ಕನ್ಕಷನ್ ಎನ್ನುತ್ತೇವೆ."

ಆ ಹೊತ್ತಿನಲ್ಲಿ ಮಿದುಳಿನ ಜೀವಕೋಶಗಳು ತಮ್ಮನ್ನು ತಾವು ಸರಿಪಡಿಸಿಕೊಳ್ಳಲು ಹೆಚ್ಚು ಶಕ್ತಿ ಬೇಡುತ್ತವೆ, ಅದೇ ಹೊತ್ತಿನಲ್ಲಿ ಅಲ್ಲಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ ಎಂದೂ ಆಕೆ ವಿವರಿಸಿದರು. ಹೀಗೆ ಕೈ ಖಾಲಿಯಾಗಿರುವಾಗ ಇನ್ನೊಂದು ಪೆಟ್ಟು ಬಿದ್ದರೆ ಅಪರೂಪಕ್ಕೆ ಮಿದುಳು ಹಠಾತ್ತನೆ ಊದಿಕೊಂಡು ಪ್ರಾಣವೇ ಹೋಗಬಹುದು. ಎಳೆಯ ವಯಸ್ಸಿನವರಲ್ಲೇ ಇದನ್ನು ಹೆಚ್ಚಾಗಿ ಕಂಡಿದ್ದಾರೆ. ಅದನ್ನು ಕೇಳಿದಾಗ, ನಾನು "ಹೋಗು" ಎಂದ ಮೇಲೆ ಅವಳು ಅಂಕಣದಲ್ಲಿ ಕಳೆದ ನಿಮಿಷಗಳೆಲ್ಲ ಕಣ್ಣ ಮುಂದೆ ಬಂದವು. ಅಷ್ಟು ಹೊತ್ತಿನಲ್ಲಿ ಇನ್ನೊಂದು ಡ್ಯಾಶ್ ಬಿದ್ದಿದ್ದರೆ?

ಆ ರಾತ್ರಿ ಅಲ್ಲೇ ಉಳಿಸಿಕೊಂಡು ಮರುದಿನ ಮನೆಗೆ ಕಳುಹಿಸಿದರು. ಕೈಗೊಂದು ಚೀಟಿ ಕೊಟ್ಟರು. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಒಂದೇ ವಸ್ತು ಎರಡಾಗಿ ಕಂಡರೆ, ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ, ಎಂದಿನಂತಿಲ್ಲದೆ ಸಿಡುಕಾಡಿದರೆ ಅಥವಾ ಗೊಂದಲಗೊಂಡರೆ ಕೂಡಲೇ ಆಸ್ಪತ್ರೆಗೆ ಬರಬೇಕು. ಅಮ್ಮ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಚುಚ್ಚಿದರು. ಈಗಲೂ ಅಲ್ಲೇ ಇದೆ, ಅಂಚಿಗೆ ಅರಿಶಿನದ ಬೆರಳಚ್ಚು ಹತ್ತಿದೆ.

ಮನೆಯಲ್ಲಿ ಅಜ್ಜಿಯದೇ ಆಡಳಿತ. ದೃಷ್ಟಿ ತೆಗೆದರು, ನೆತ್ತಿಗೆ ಹರಳೆಣ್ಣೆ ಹಚ್ಚಿದರು. ಅದರಿಂದ ಕೆಡುಕೇನೂ ಇರಲಿಲ್ಲ. ಆದರೆ ತಲೆಗೆ ಪೆಟ್ಟು ಬಿದ್ದವರು ನಿದ್ದೆ ಹೋಗಬಾರದು ಎಂದು ರಾತ್ರಿಯಿಡೀ ಮೊಮ್ಮಗಳನ್ನು ಅಲ್ಲಾಡಿಸುತ್ತ ಕುಳಿತಿದ್ದರು. ಮರುದಿನ ಹೋದಾಗ ಹುಡುಗಿ ಬಾಡಿದ ಸೊಪ್ಪಿನಂತಾಗಿದ್ದಳು. "ಅಜ್ಜಿ, ವೈದ್ಯರು ಪರೀಕ್ಷೆ ಮಾಡಿ ಸ್ಕ್ಯಾನ್ ನೋಡಿ ಮಲಗಬಹುದು ಎಂದಿದ್ದಾರೆ. ನಿದ್ದೆಯೇ ಈಗ ಔಷಧಿ" ಎಂದೆ. "ನಮ್ಮ ಕಾಲದಲ್ಲಿ ಮಲಗಿದವರು ಏಳಲಿಲ್ಲ ಮೇಷ್ಟ್ರೇ" ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸ್ಕ್ಯಾನ್ ಇಲ್ಲದ ಕಾಲದಲ್ಲಿ, ಒಳಗೆ ರಕ್ತ ತುಂಬುತ್ತಿದ್ದವರು ನಿದ್ದೆ ಹೋದಂತೆ ಕಂಡು ಹಾಗೆಯೇ ಹೋಗಿಬಿಡುತ್ತಿದ್ದರು. ಅಜ್ಜಿಯ ಭಯ ಎಲ್ಲಿಂದ ಬಂತು ಎಂದು ತಿಳಿದ ಮೇಲೆ ವಾದಿಸಲು ಮನಸ್ಸಾಗಲಿಲ್ಲ. ಉಸಿರಾಟ ಸರಾಗವಾಗಿದೆಯೇ ಎಂದು ಆಗಾಗ ನೋಡಿ, ಎಬ್ಬಿಸುವುದು ಬೇಡ ಎಂದು ಒಪ್ಪಂದ ಮಾಡಿಕೊಂಡೆವು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಚಿಕ್ಕಪ್ಪ ಅಂಗಡಿಯಿಂದ ತಂದಿದ್ದ ಬ್ರೂಫೆನ್ ಮಾತ್ರೆಯನ್ನು ವಾಪಸು ಕಳುಹಿಸಿದೆ. ಅದು ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸಬಹುದು ಎಂದು ಮೊದಲ ಎರಡು ದಿನ ಬೇಡವೆಂದಿದ್ದರು.

ಮೊದಲ ಎರಡು ದಿನ ಅವಳಿಗೆ ಬೆಳಕು ಚುಚ್ಚುತ್ತಿತ್ತು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ಸುಮ್ಮಸುಮ್ಮನೆ ತಮ್ಮನ ಮೇಲೆ ರೇಗುತ್ತಿದ್ದಳು. ಮೊಬೈಲ್, ಟಿ.ವಿ. ಎರಡನ್ನೂ ದೂರ ಇಟ್ಟರು. ಮೂರನೆಯ ದಿನ ಹೋದಾಗ ಅಪ್ಪ ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿ ಕೋಣೆಯನ್ನು ಕತ್ತಲು ಮಾಡಿದ್ದರು. ತಿಂಗಳು ಹೀಗೇ ಇರಿಸಬೇಕು ಎಂದು ಯಾರೋ ಹೇಳಿದ್ದರಂತೆ. ಹಿಂದೆ ವೈದ್ಯರೂ ಹಾಗೆ ಹೇಳುತ್ತಿದ್ದದ್ದು ಉಂಟು. ಈಗಿನ ತಿಳಿವಳಿಕೆ ಬೇರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕ್ರೀಡಾ ಕನ್ಕಷನ್ ಕುರಿತು ಅಂತರರಾಷ್ಟ್ರೀಯ ತಜ್ಞರ ಸಮ್ಮೇಳನ ನಡೆಯಿತು. ಮರುವರ್ಷ ಪ್ರಕಟವಾದ ಅದರ ಹೇಳಿಕೆಯಲ್ಲಿ, ಪೂರ್ತಿ ಹಾಸಿಗೆ ಹಿಡಿಸುವುದರಿಂದ ಪ್ರಯೋಜನವಿಲ್ಲ, ಒಂದೆರಡು ದಿನ ಆಯಾಸವಿಲ್ಲದೆ ಇದ್ದು ಆಮೇಲೆ ಹಗುರ ನಡಿಗೆ ಶುರುಮಾಡುವುದೇ ಗುಣವಾಗಲು ಒಳ್ಳೆಯದು ಎಂದಿದ್ದಾರೆ. ತುಮಕೂರಿನ ವೈದ್ಯೆ ಹೇಳಿದ್ದೂ ಅದನ್ನೇ. ಗೋಣಿಚೀಲ ಬಿಚ್ಚಿದೆವು. ಅಂದು ಸಂಜೆ ಅವಳು ಅಮ್ಮನ ಕೈಹಿಡಿದು ತೋಟದ ತೊಟ್ಟಿಯವರೆಗೆ ನಡೆದು ಬಂದಳು. ತೆಂಗಿನ ನೆರಳು ಕಣ್ಣಿಗೆ ಹಿತವಾಗಿದೆ ಎಂದಳು. ತಲೆನೋವು ಸ್ವಲ್ಪ ಹೆಚ್ಚಿದರೆ ಚಿಂತೆಯಿಲ್ಲ, ಬಹಳ ಹೆಚ್ಚಿದರೆ ನಿಲ್ಲಿಸಬೇಕು, ಅದೇ ಅಳತೆ.

ಎಂಟನೆಯ ದಿನ ಅರ್ಧ ದಿನದ ಮಟ್ಟಿಗೆ ಶಾಲೆಗೆ ಬಂದಳು. ಕರೆದುಕೊಂಡು ಬಂದವರು ಅಪ್ಪ, ಸ್ಕೂಟರಿನಲ್ಲಿ. ಅವರ ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು, ಅವಳ ತಲೆ ಬರಿದಾಗಿತ್ತು. ಗೇಟಿನಲ್ಲೇ ತಡೆದು ನಿಲ್ಲಿಸಿದೆ. "ಎರಡು ಕಿಲೋಮೀಟರ್ ತಾನೇ ಸಾರ್" ಎಂದರು. ಹಿಂದೆ ಕೂರುವವರೂ ಹೆಲ್ಮೆಟ್ ಹಾಕಬೇಕು ಎಂಬುದು ಕರ್ನಾಟಕದಲ್ಲಿ 2016ರಿಂದಲೇ ಇರುವ ನಿಯಮ. ಅದನ್ನು ಹೇಳಲಿಲ್ಲ. ಒಂದು ವಾರದ ಹಿಂದೆ ಅದೇ ತಲೆಗೆ ಏನಾಗಿತ್ತು ಎಂದಷ್ಟೇ ಕೇಳಿದೆ. ಅವರ ಕಣ್ಣು ತುಂಬಿತು. ಮರುದಿನ ತಿಪಟೂರಿಗೆ ಹೋಗಿ ಮಗಳ ತಲೆಯ ಅಳತೆಗೆ ಸರಿಹೋಗುವ, ಐ.ಎಸ್.ಐ. ಗುರುತಿನ ಹೆಲ್ಮೆಟ್ ತಂದರು. ದುಂಡು ಟೋಪಿಯಂತಹದಲ್ಲ, ಕಿವಿ ಮುಚ್ಚುವಂತಹದು. ಹೆಲ್ಮೆಟ್ ಹಾಕಿದರೆ ಕನ್ಕಷನ್ ಆಗುವುದೇ ಇಲ್ಲ ಎಂದು ಅವರಿಗೆ ನಾನು ಹೇಳಲಿಲ್ಲ. ಚಿಪ್ಪಿಗೆ ಹೊದಿಕೆ ಹಾಕಿದರೂ ಒಳಗಿನ ಉಂಡೆ ಅಲುಗುತ್ತದೆ. ಆದರೆ ಚಿಪ್ಪು ಒಡೆಯುವುದನ್ನು, ಒಳಗೆ ರಕ್ತ ಸುರಿಯುವುದನ್ನು, ಜೀವ ಹೋಗುವುದನ್ನು ಬಹುಮಟ್ಟಿಗೆ ಅದು ತಡೆಯುತ್ತದೆ. ಪಟ್ಟಿಯನ್ನು ಗದ್ದದ ಕೆಳಗೆ ಟಕ್ ಎನ್ನುವಂತೆ ಹಾಕಿದರೆ ಮಾತ್ರ.

ಶಾಲೆಗೆ ಮರಳುವುದು ಆಟಕ್ಕೆ ಮರಳುವುದಕ್ಕಿಂತ ಕಷ್ಟವಾಗಬಹುದು ಎಂಬುದು ನನಗೆ ಹೊಸದು. ಬೋರ್ಡಿನಿಂದ ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ಬೋರ್ಡಿಗೆ ಕಣ್ಣು ಏರಿಳಿಸುವಾಗ ತಲೆ ಸುತ್ತುತ್ತಿತ್ತು. ಗಣಿತದ ಲೆಕ್ಕದಲ್ಲಿ ಮೂರನೆಯ ಹಂತಕ್ಕೆ ಬರುವಾಗ ಮೊದಲನೆಯದು ಮರೆತುಹೋಗುತ್ತಿತ್ತು. ಶಾಲೆಯ ಗಂಟೆ ಹೊಡೆದರೆ ಬೆಚ್ಚುತ್ತಿದ್ದಳು. ಹೊರಗೆ ನೋಡಿದರೆ ಹುಡುಗಿ ಚೆನ್ನಾಗಿಯೇ ಇದ್ದಾಳೆ. ಬ್ಯಾಂಡೇಜ್ ಇಲ್ಲ, ಪ್ಲಾಸ್ಟರ್ ಇಲ್ಲ. "ಪರೀಕ್ಷೆ ತಪ್ಪಿಸಲು ನಾಟಕ" ಎಂದರು ಒಬ್ಬ ಸಹೋದ್ಯೋಗಿ. ಕೈಮುರಿದವಳಿಗೆ ಬರೆ ಎಂದು ಯಾರೂ ಹೇಳುವುದಿಲ್ಲ. ಕಾಣದ ಗಾಯವಾದ್ದರಿಂದ ಅವಳ ಮಾತನ್ನು ನಂಬಬೇಕು, ನಂಬಿಕೆಯೇ ಅಲ್ಲಿ ಅರ್ಧ ಚಿಕಿತ್ಸೆ ಎಂದು ನಾನು ಶಿಕ್ಷಕರ ಕೊಠಡಿಯಲ್ಲಿ ಎದ್ದು ನಿಂತು ಹೇಳಿದೆ. ಮುಖ್ಯೋಪಾಧ್ಯಾಯಿನಿ ಬೆಂಬಲಕ್ಕೆ ನಿಂತರು. ಕಿರುಪರೀಕ್ಷೆಯನ್ನು ಮುಂದೂಡಿದರು, ಬೋರ್ಡಿನ ಟಿಪ್ಪಣಿಯನ್ನು ಗೆಳತಿಯಿಂದ ಪಡೆಯಲು ಅನುಮತಿ ಕೊಟ್ಟರು, ತಲೆ ಭಾರವಾದಾಗ ಗ್ರಂಥಾಲಯದ ಕೋಣೆಯಲ್ಲಿ ಹತ್ತು ನಿಮಿಷ ಕೂರಲು ಬಿಟ್ಟರು. ಮೂರನೆಯ ವಾರದ ಕೊನೆಗೆ ಪೂರ್ತಿ ದಿನ ಕೂರುವಂತಾದಳು.

ಈ ನಡುವೆ ಜಿಲ್ಲಾ ಮಟ್ಟದ ಪಂದ್ಯ ಬಂತು, ಪೆಟ್ಟು ಬಿದ್ದ ಹದಿನಾರನೆಯ ದಿನಕ್ಕೆ. ಊರಿನ ಹಿರಿಯರೂ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್.ಡಿ.ಎಂ.ಸಿ. ಸದಸ್ಯರೂ ನನ್ನ ಬಳಿಗೆ ಬಂದರು. "ಹುಡುಗಿ ಓಡಾಡುತ್ತಿದ್ದಾಳಲ್ಲ ಮೇಷ್ಟ್ರೇ, ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲವಲ್ಲ." ಅವಳೂ ಬಂದು "ಈಗ ಏನೂ ನೋವಿಲ್ಲ ಸಾರ್, ದೇವರಾಣೆ" ಎಂದಳು. ಹಿಂದಿನ ದಿನವಷ್ಟೇ ಗ್ರಂಥಾಲಯದ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದವಳು. ಆಡುವ ಆಸೆಯಿರುವ ಮಗು ತನ್ನ ತಲೆನೋವಿಗೆ ಸಾಕ್ಷಿ ಹೇಳುವುದಿಲ್ಲ. ಗೆಲ್ಲುವ ಆಸೆಯಿರುವ ಮೇಷ್ಟ್ರು ಆ ಸಾಕ್ಷಿಯನ್ನು ಕೇಳುವುದೂ ಇಲ್ಲ. ಇಬ್ಬರ ಕೈಯಿಂದಲೂ ಆ ತೀರ್ಮಾನವನ್ನು ಕಿತ್ತುಕೊಳ್ಳಬೇಕು ಎಂಬುದು ನನಗೆ ಅಂದು ಮನದಟ್ಟಾಯಿತು.

ಹಿರಿಯರಿಗೆ ನಾನು ಕ್ರಿಕೆಟ್ಟಿನ ಕಥೆ ಹೇಳಿದೆ, ಅದಾದರೆ ಎಲ್ಲರಿಗೂ ಅರ್ಥವಾಗುತ್ತದೆ. 2019ರ ಆಗಸ್ಟ್, ಲಾರ್ಡ್ಸ್ ಮೈದಾನ. ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಹೊರಗೆ ಹೋದರು, ಪರೀಕ್ಷೆ ಮಾಡಿದರು, ಸರಿಯಾಗಿದ್ದಾರೆ ಎಂದು ಮತ್ತೆ ಬಂದು ಬ್ಯಾಟ್ ಮಾಡಿದರು. ಮರುದಿನ ಬೆಳಗ್ಗೆ ತಲೆನೋವು, ತಲೆಸುತ್ತು. ಆಗ ಪಂದ್ಯದಿಂದ ಹೊರಗಿಟ್ಟು ಮಾರ್ನಸ್ ಲಾಬುಶೇನ್ ಅವರನ್ನು ಇಳಿಸಿದರು. ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರ ಅವರು. ಐ.ಸಿ.ಸಿ. ಆ ನಿಯಮ ತಂದು ಇನ್ನೂ ಮೂರು ವಾರವೂ ಆಗಿರಲಿಲ್ಲ. ಮರುವರ್ಷ ಕ್ಯಾನ್‌ಬೆರಾದಲ್ಲಿ ನಮ್ಮ ಜಡೇಜಾ ಅವರಿಗೂ ಹೆಲ್ಮೆಟ್ಟಿಗೆ ಚೆಂಡು ತಾಗಿದಾಗ ಚಾಹಲ್ ಬದಲಿಯಾಗಿ ಬಂದರು. ವೈದ್ಯರು ಬೆನ್ನ ಹಿಂದೆಯೇ ನಿಂತಿರುವ ಆಟಗಾರನಿಗೇ ಲಕ್ಷಣ ಮರುದಿನ ಕಾಣಿಸಿಕೊಂಡರೆ, ನೀರಿನ ಬಾಟಲಿ ಹಿಡಿದ ನನಗೆ ಐದು ನಿಮಿಷದಲ್ಲಿ ಏನು ತಿಳಿದೀತು? ಕಬಡ್ಡಿಯಲ್ಲಾದರೋ ಬದಲಿ ಆಟಗಾರ್ತಿಯರು ಪಕ್ಕದಲ್ಲೇ ಕೂತಿರುತ್ತಾರೆ. ನಿಯಮ ಅಡ್ಡಿಯಿಲ್ಲ, ಅಡ್ಡಿ ಇರುವುದು ನಮ್ಮ ಮನಸ್ಸಿನಲ್ಲಿ.

ಅವಳನ್ನು ಬಿಟ್ಟು ಹೋದೆವು. ಮೊದಲ ಪಂದ್ಯದಲ್ಲೇ ಸೋತೆವು. ಊರಿನಲ್ಲಿ ಅದಕ್ಕಾಗಿ ಈಗಲೂ ನನ್ನನ್ನು ಅನ್ನುವವರಿದ್ದಾರೆ.

ಆಟಕ್ಕೆ ಮರಳಲು ಆರು ಮೆಟ್ಟಿಲು. ಒಂದೊಂದಕ್ಕೂ ಕನಿಷ್ಠ ಒಂದು ದಿನ. ಮೊದಲು ದಿನನಿತ್ಯದ ಕೆಲಸ, ಆಮೇಲೆ ನಡಿಗೆ ಮತ್ತು ಹಗುರ ಓಟ, ಆಮೇಲೆ ಯಾರಿಗೂ ತಾಗದಂತೆ ಒಬ್ಬಳೇ ಮಾಡುವ ಆಟದ ಚಲನೆ, ಲಕ್ಷಣಗಳೆಲ್ಲ ಹೋದ ಮೇಲೆ ನಾಲ್ಕನೆಯದು, ತಂಡದ ಜೊತೆ ಯಾರೂ ಯಾರನ್ನೂ ಹಿಡಿಯದ ಅಭ್ಯಾಸ. ಅಲ್ಲಿಗೆ ನಿಲ್ಲಬೇಕು. ವೈದ್ಯರು ಒಪ್ಪಿದ ಮೇಲೆ ಮಾತ್ರ ಐದನೆಯದು, ಹಿಡಿತ ಸೇರಿದ ಪೂರ್ಣ ಅಭ್ಯಾಸ. ಕೊನೆಗೆ ಪಂದ್ಯ. ಕಾಗದದ ಮೇಲೆ ಒಂದು ವಾರದ ಕೆಲಸ. ನಮಗೆ ಅದಕ್ಕಿಂತ ಹೆಚ್ಚು ಹಿಡಿಯಿತು, ಕಾರಣ ಮೂರನೆಯ ಮೆಟ್ಟಿಲು.

ಖಾಲಿ ಅಂಕಣದಲ್ಲಿ ರೈಡಿಗೆ ಬಿಟ್ಟಿದ್ದೆ. ಎದುರಿಗೆ ಹುಡುಗಿಯರ ಬದಲು ಏಳು ಇಟ್ಟಿಗೆ ನಿಲ್ಲಿಸಿದ್ದೆ. ಕಬಡ್ಡಿ ಕಬಡ್ಡಿ ಎನ್ನುತ್ತ ಹೋದಳು. ನಾನು ಕಾಲನ್ನು ನೋಡಲಿಲ್ಲ, ಕಣ್ಣು ಮುಚ್ಚಿ ದನಿಯನ್ನು ಕೇಳಿದೆ. ಮೊದಲ ರೈಡ್ ಸಲೀಸಾಗಿತ್ತು. ಮೂರನೆಯದರಲ್ಲಿ ತಿರುಗುವ ಕಡೆ ಉಲಿ ಒಂದು ಕ್ಷಣ ತಡವರಿಸಿತು, ಹಿಂದೆ ಎಂದೂ ತಡವರಿಸದ ಜಾಗ ಅದು. "ತಲೆ ಸುತ್ತಿತೇ?" ಎಂದೆ. "ಇಲ್ಲ ಸಾರ್." "ನಿಜ ಹೇಳು ಮಗಳೇ." ತುಂಬ ಹೊತ್ತು ನೆಲ ನೋಡಿ "ಸ್ವಲ್ಪ" ಎಂದಳು. ಎರಡನೆಯ ಮೆಟ್ಟಿಲಿಗೆ ಇಳಿದೆವು. ಬೈಯಲಿಲ್ಲ. ನಿಜ ಹೇಳಿದ್ದಕ್ಕೆ ಶಿಕ್ಷೆಯಾದರೆ ಮುಂದಿನ ಸಲ ಹೇಳುವುದಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಇಟ್ಟಿಗೆಗಳ ನಡುವೆ ಹೋದಾಗ ಉಲಿ ಎಲ್ಲಿಯೂ ಮುರಿಯಲಿಲ್ಲ. ಮಕ್ಕಳಲ್ಲಿ ಬಹುಪಾಲು ಜನ ನಾಲ್ಕು ವಾರದೊಳಗೆ ಸುಧಾರಿಸಿಕೊಳ್ಳುತ್ತಾರೆ. ಇವಳಿಗೆ ಹಿಡಿತದ ಅಭ್ಯಾಸಕ್ಕೆ ವೈದ್ಯೆಯ ಒಪ್ಪಿಗೆ ಸಿಕ್ಕಿದ್ದು ಐದನೆಯ ವಾರದಲ್ಲಿ.

ಈಗ ನಮ್ಮ ಅಂಕಣದಲ್ಲಿ ಅಭ್ಯಾಸಕ್ಕೆ ಮೊದಲು ಮಣ್ಣನ್ನು ಸಲಿಕೆಯಿಂದ ಕೆದಕಿ, ಕಲ್ಲು ಆರಿಸಿ, ನೀರು ಹಾಕಿ ಮೆದುವಾಗಿಸುತ್ತೇವೆ. ಹಿಡಿತ ಕಲಿಸುವಾಗ ತಲೆಯನ್ನು ಎದುರಾಳಿಯ ಮೊಣಕಾಲಿನ ಮುಂದೆ ಒಡ್ಡದೆ ಪಕ್ಕಕ್ಕೆ ಸರಿಸಿ ಭುಜ ಕೊಡಬೇಕು ಎಂಬುದನ್ನು ನಿಧಾನವಾಗಿ, ನೂರು ಸಲ ಮಾಡಿಸುತ್ತೇನೆ. ದಿನದ ವ್ಯಾಯಾಮದಲ್ಲಿ ಕುತ್ತಿಗೆಗೂ ಸಮತೋಲಕ್ಕೂ ಜಾಗ ಕೊಟ್ಟಿದ್ದೇನೆ. ತಲೆಗೆ ಪೆಟ್ಟು ಬಿತ್ತು ಎಂಬ ಅನುಮಾನ ಬಂದರೆ ಸಾಕು, ಆ ಹುಡುಗಿ ಅಂದು ಮತ್ತೆ ಆಡುವುದಿಲ್ಲ. ನಾನು ಬೇಡಿಕೊಂಡರೂ ಆಡಿಸಬಾರದು ಎಂದು ತಂಡಕ್ಕೆ ಹೇಳಿಟ್ಟಿದ್ದೇನೆ. ಗೆಳತಿಯ ಮೇಲೆ ದೂರು ಹೇಳುವುದು ಕೆಟ್ಟದ್ದು ಎಂದು ಬೆಳೆದ ಮಕ್ಕಳು ಅವರು. ಇದೊಂದು ವಿಷಯದಲ್ಲಿ ಹೇಳದಿದ್ದರೆ ತಪ್ಪು ಎಂದು ಒಪ್ಪಿಸಲು ಬಹಳ ದಿನ ಹಿಡಿಯಿತು.

ಪೂರ್ಣ ಅಭ್ಯಾಸಕ್ಕೆ ಇಳಿಯುವ ಮೊದಲ ಸಂಜೆ ಅವಳು ನನ್ನ ಪಕ್ಕದಲ್ಲಿ ಕುಳಿತು ಮೊಣಕಾಲಿಗೆ ಪಟ್ಟಿ ಏರಿಸಿಕೊಳ್ಳುತ್ತಿದ್ದಳು. ಆ ಫೈನಲ್‌ನ ನೆನಪು ಅವಳಿಗೆ ಇಂದಿಗೂ ಬಂದಿಲ್ಲ. ಬೆಳಗಿನ ಉಪ್ಪಿಟ್ಟು ನೆನಪಿದೆ, ಆಮೇಲೆ ಆಂಬುಲೆನ್ಸಿನ ಮೇಲ್ಛಾವಣಿ ನೆನಪಿದೆ, ನಡುವಿನದು ಇಲ್ಲ.

"ಸಾರ್, ಬಿದ್ದ ಮೇಲೆ ನಾನೇ ಎದ್ದೆನಾ?"

"ಎದ್ದೆ."

"ಆಮೇಲೆ?"

"ನಾನು ನೀರು ಚಿಮುಕಿಸಿದೆ. ಬೆರಳು ತೋರಿಸಿದೆ. ಮೂರು ಎಂದೆ ನೀನು."

"ನೀವು ಏನಂದಿರಿ?"

"ಹೋಗು ಎಂದೆ."

ಅವಳು ಇನ್ನೊಂದು ಮೊಣಕಾಲಿಗೂ ಪಟ್ಟಿ ಎಳೆದುಕೊಂಡಳು. ಎದ್ದು ನಿಂತು, ಒದ್ದೆ ಮಣ್ಣನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೆರೆಯ ಬಳಿ ಹೋಗಿ ನನ್ನ ಕಡೆ ತಿರುಗಿ, ಹೋಗಲೇ ಎಂಬಂತೆ ನೋಡಿದಳು. ವೈದ್ಯೆಯ ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ತೆಗೆದು ಇನ್ನೊಮ್ಮೆ ಓದಿದೆ, ಆಮೇಲೆ ತಲೆಯಾಡಿಸಿದೆ.